ಸೋತ ಕದನಗಳು ಗೆದ್ದುಕೊಟ್ಟ ಸ್ವಾತಂತ್ರ್ಯ

1945ರ ಸೆಪ್ಟೆಂಬರ್ 19. ಜಾವಾ ದ್ವೀಪದ ಬಂದರು ನಗರ ಸುರಬಾಯ. ಊರಿನ ಪ್ರತಿಷ್ಠಿತ ಹೋಟೆಲೊಂದರ ನೆತ್ತಿಯ ಮೇಲೆ ಬಾವುಟ ಹಾರುತ್ತಿದೆ. ಮೇಲೆ ಕೆಂಪು, ನಡುವೆ ಬಿಳಿ, ಕೆಳಗೆ ನೀಲಿ. ಮೂರೂವರೆ ವರ್ಷದಿಂದ ಕಣ್ಣಿಗೆ ಬೀಳದಿದ್ದ ಡಚ್ಚರ ಬಾವುಟ! ಸುದ್ದಿ ಹಬ್ಬಿದ್ದೇ ತಡ, ಬೀದಿ ತುಂಬ ಜನ. ಒಳಗೆ ಮಾತಿಗೆ ಮಾತು ಬೆಳೆದು ಹೊಡೆದಾಟವಾಗಿ ಹೆಣ ಬೀಳುತ್ತದೆ. ಅಷ್ಟರಲ್ಲಿ ಕೆಲವು ಹುಡುಗರು ಏಣಿ ಹಾಕಿ ಮೇಲೇರುತ್ತಾರೆ. ಬಾವುಟ ಇಳಿಸಿ, ನೀಲಿ ಪಟ್ಟಿಯನ್ನಷ್ಟೇ ಹರಿದೆಸೆದು, ಉಳಿದದ್ದನ್ನು ಮತ್ತೆ ಏರಿಸುತ್ತಾರೆ. ಈಗ ಉಳಿದಿರುವುದು ಕೆಂಪು ಮತ್ತು ಬಿಳಿ. ಅದು ಇಂಡೊನೇಷ್ಯಾದ ಬಾವುಟ.

ಆ ಹೊತ್ತಿಗೆ ಇಂಡೊನೇಷ್ಯಾ ಗಣರಾಜ್ಯಕ್ಕೆ ತುಂಬಿದ್ದು ಒಂದು ತಿಂಗಳು. ಅದನ್ನು ದೇಶವೆಂದು ಒಪ್ಪಲು ಡಚ್ಚರು ತಯಾರಿರಲಿಲ್ಲ.

ನಮ್ಮಲ್ಲಿ ಹೆಚ್ಚಿನವರಿಗೆ ಇಂಡೊನೇಷ್ಯಾ ಎಂದರೆ ಬಾಲಿಯ ಕಡಲತೀರ, ಗರುಡ ಲಾಂಛನ, ರಾಮಾಯಣದ ನೃತ್ಯರೂಪಕ. 1950ರ ಜನವರಿ 26ರಂದು ನಮ್ಮ ಮೊದಲ ಗಣರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬಂದವರು ಆ ದೇಶದ ಅಧ್ಯಕ್ಷ ಸುಕಾರ್ನೊ ಎಂಬುದೂ ಕೆಲವರಿಗೆ ಗೊತ್ತು. ಆದರೆ ಆ ಅತಿಥಿಯ ದೇಶಕ್ಕೆ ಡಚ್ಚರಿಂದ ಅಧಿಕಾರ ಕೈಸೇರಿ ಆಗ ಒಂದು ತಿಂಗಳೂ ತುಂಬಿರಲಿಲ್ಲ. ಸ್ವಾತಂತ್ರ್ಯ ಘೋಷಿಸಿಕೊಂಡದ್ದು 1945ರಲ್ಲಿ, ಅಧಿಕಾರ ಸಿಕ್ಕಿದ್ದು 1949ರ ಕೊನೆಯಲ್ಲಿ. ನಡುವಿನ ನಾಲ್ಕು ವರ್ಷಗಳ ಕಥೆ ವಿಚಿತ್ರವಾದದ್ದು. ರಣರಂಗದಲ್ಲಿ ದೊಡ್ಡ ಕದನಗಳನ್ನೆಲ್ಲ ಬಹುಪಾಲು ಸೋತವರೇ ಕೊನೆಗೆ ದೇಶ ಗೆದ್ದರು.

ಜಾಯಿಕಾಯಿಗಾಗಿ ಬಂದವರು

ಡಚ್ಚರು ಬಂದದ್ದು ಸಾಂಬಾರ ಪದಾರ್ಥಗಳಿಗಾಗಿ. ಲವಂಗ, ಜಾಯಿಕಾಯಿ, ಜಾಪತ್ರೆ ಬೆಳೆಯುವ ಮಲುಕು ದ್ವೀಪಗಳ ವ್ಯಾಪಾರವನ್ನು ಒಂದೇ ಕೈಗೆ ತಂದುಕೊಳ್ಳಲು 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. ಸುಮಾರು ಎರಡು ಶತಮಾನದ ನಂತರ, 1799ರಲ್ಲಿ ಸಾಲದಲ್ಲಿ ಮುಳುಗಿ ಅದು ಬಾಗಿಲು ಹಾಕಿದಾಗ, ಅದರ ನೆಲವೆಲ್ಲ ಡಚ್ ಸರ್ಕಾರದ ಪಾಲಾಯಿತು.

1830ರಿಂದ ಜಾವಾದ ರೈತರು ತಮ್ಮ ಹೊಲದ ಒಂದು ಭಾಗದಲ್ಲಿ ಸರ್ಕಾರ ಹೇಳಿದ ಕಬ್ಬು, ಕಾಫಿ, ನೀಲಿಯನ್ನು ಬೆಳೆದು ಒಪ್ಪಿಸಬೇಕಾಯಿತು. ಹಾಲೆಂಡಿನ ಖಜಾನೆ ತುಂಬಿತು, ಜಾವಾದ ಹಲವೆಡೆ ಹಸಿವು ಬಂತು. ಇಪ್ಪತ್ತನೆಯ ಶತಮಾನಕ್ಕೆ ರಬ್ಬರ್ ಮತ್ತು ಪೆಟ್ರೋಲಿಯಂ ಸೇರಿಕೊಂಡವು. ಈ ಆದಾಯವನ್ನು ಬಿಟ್ಟುಕೊಡಲು ಡಚ್ಚರಿಗೆ ಮನಸ್ಸಿರಲಿಲ್ಲ ಎಂಬುದನ್ನು ನೆನಪಿಟ್ಟರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಸಾವಿರಾರು ದ್ವೀಪ, ನೂರಾರು ಭಾಷೆಯ ಈ ನಾಡನ್ನು ಒಂದು ದೇಶವಾಗಿ ಕಂಡವರು ಓದಿದ ತರುಣರು. 1927ರಲ್ಲಿ ಎಂಜಿನಿಯರಿಂಗ್ ಓದಿದ್ದ ಸುಕಾರ್ನೊ ಮತ್ತು ಗೆಳೆಯರು ರಾಷ್ಟ್ರೀಯ ಪಕ್ಷ ಕಟ್ಟಿದರು. 1928ರ ಅಕ್ಟೋಬರ್ 28ರಂದು ಯುವಕರ ಸಮಾವೇಶವೊಂದು ಒಂದು ನೆಲ, ಒಂದು ಜನಾಂಗ, ಒಂದು ಭಾಷೆ ಎಂದು ಪ್ರತಿಜ್ಞೆ ಮಾಡಿತು. ಡಚ್ಚರು ಕೊಟ್ಟ ಉತ್ತರ ಜೈಲು ಮತ್ತು ಗಡಿಪಾರು. ಸುಕಾರ್ನೊ ಫ್ಲೋರೆಸ್ ದ್ವೀಪಕ್ಕೆ ಹೋದರು. ಸುತಾನ್ ಶಹ್ರಿರ್ ಮತ್ತು ರಾಟರ್‌ಡ್ಯಾಮಿನಲ್ಲಿ ಅರ್ಥಶಾಸ್ತ್ರ ಓದಿ ಬಂದಿದ್ದ ಮೊಹಮ್ಮದ್ ಹಟ್ಟಾ ನ್ಯೂಗಿನಿಯ ಮಲೇರಿಯಾ ಕಾಡಿನ ಶಿಬಿರ ಸೇರಿದರು.

1942ರ ಮಾರ್ಚ್‌ನಲ್ಲಿ ಜಪಾನ್ ನುಗ್ಗಿದಾಗ ಡಚ್ ಸೇನೆ ಜಾವಾದಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಮಾರ್ಚ್ 8ರಂದು ಶರಣಾಯಿತು. ಅಜೇಯರೆಂದು ನಂಬಿಸಿದ್ದ ದೊರೆಗಳು ಕಣ್ಣೆದುರೇ ಸೆರೆಯಾಳುಗಳಾದರು. ಹೊಸ ದೊರೆಗಳೇನೂ ಕರುಣಾಳುಗಳಲ್ಲ. ಲಕ್ಷಾಂತರ ಜನರನ್ನು ಬಿಟ್ಟಿ ದುಡಿಮೆಗೆ ಎಳೆದೊಯ್ದರು, ಅಕ್ಕಿ ಕಸಿದುಕೊಂಡರು. ಆದರೆ ತಮ್ಮ ಯುದ್ಧಕ್ಕೆ ಜನ ಬೇಕಾದ್ದರಿಂದ ಸ್ಥಳೀಯ ಯುವಕರಿಗೆ ಬಂದೂಕು ಹಿಡಿಯುವುದನ್ನು ಕಲಿಸಿದರು. ಮುಂದಿನ ಗಣರಾಜ್ಯದ ಸೇನೆಗೆ ಬೀಜ ಬಿದ್ದದ್ದು ಅಲ್ಲಿ.

ಎರಡೇ ವಾಕ್ಯದ ಘೋಷಣೆ

1945ರ ಆಗಸ್ಟ್ 15ರಂದು ಜಪಾನ್ ಶರಣಾಗತಿ ಸಾರಿತು. ಡಚ್ಚರು ಇನ್ನೂ ಮರಳಿರಲಿಲ್ಲ, ಜಪಾನಿಯರ ಕೈಯಲ್ಲಿ ಶಸ್ತ್ರವಿತ್ತು. ಈಗಲೇ ಸ್ವಾತಂತ್ರ್ಯ ಘೋಷಿಸಬೇಕೆಂದು ಯುವಕರ ಹಟ, ರಕ್ತಪಾತವಾದೀತೆಂದು ಹಿರಿಯರ ಅಳುಕು. ಆಗಸ್ಟ್ 16ರ ನಸುಕಿನಲ್ಲಿ ಯುವಕರು ಸುಕಾರ್ನೊ ಮತ್ತು ಹಟ್ಟಾರನ್ನು ಜಕಾರ್ತಾದ ಹೊರಗಿನ ರೆಂಗಸ್‌ಡೆಂಗ್‌ಕ್ಲೋಕ್ ಎಂಬ ಊರಿಗೆ ಎತ್ತಿಕೊಂಡೇ ಹೋದರು! ಸಂಧಾನದ ನಂತರ ಆ ರಾತ್ರಿಯೇ ಮರಳಿದ ನಾಯಕರು, ಸಹಾನುಭೂತಿಯಿದ್ದ ಜಪಾನಿ ನೌಕಾಧಿಕಾರಿ ಮಯೇದಾ ಮನೆಯಲ್ಲಿ ಕೂತು ಘೋಷಣೆ ಬರೆದರು.

ಮರುದಿನ ಶುಕ್ರವಾರ, ರಂಜಾನ್ ತಿಂಗಳು. ಬೆಳಿಗ್ಗೆ ಹತ್ತರ ಹೊತ್ತಿಗೆ ಸುಕಾರ್ನೊ ತಮ್ಮ ಮನೆಯ ಮುಂದೆ ನಿಂತು ಅದನ್ನು ಓದಿದರು. ಇದ್ದದ್ದು ಎರಡೇ ವಾಕ್ಯ. ಸ್ವಾತಂತ್ರ್ಯ ಘೋಷಿಸುತ್ತೇವೆ ಎಂಬುದು ಮೊದಲನೆಯದು. ಅಧಿಕಾರ ವರ್ಗಾವಣೆಯಂಥ ವಿಷಯಗಳನ್ನು ಶಿಸ್ತಿನಿಂದ, ಆದಷ್ಟು ಬೇಗ ಮುಗಿಸಲಾಗುವುದು ಎಂಬುದು ಎರಡನೆಯದು. ಅಂದು ಏರಿದ ಬಾವುಟವನ್ನು ಹೊಲಿದವರು ಅವರ ಪತ್ನಿ ಫಾತ್ಮಾವತಿ. ಆಗಸ್ಟ್ 18ಕ್ಕೆ ಸಂವಿಧಾನ ಬಂತು, ಸುಕಾರ್ನೊ ಅಧ್ಯಕ್ಷರಾದರು, ಹಟ್ಟಾ ಉಪಾಧ್ಯಕ್ಷರಾದರು. ಘೋಷಣೆಯ ಎರಡನೆಯ ವಾಕ್ಯವೊಂದು ಮಾತ್ರ ನಾಲ್ಕು ವರ್ಷ ಹಿಡಿಯಿತು.

ಸುರಬಾಯದ ಮೂರು ವಾರ

ಜಪಾನಿ ಸೈನಿಕರನ್ನು ನಿಶ್ಶಸ್ತ್ರಗೊಳಿಸಿ, ಶಿಬಿರಗಳಲ್ಲಿದ್ದ ಯುರೋಪಿಯನ್ನರನ್ನು ಬಿಡಿಸುವ ಹೊಣೆ ಬ್ರಿಟಿಷರ ಪಾಲಿಗೆ ಬಂತು. ಬ್ರಿಟಿಷರೆಂದರೆ ಇಲ್ಲಿ ಬಹುಪಾಲು ಭಾರತೀಯ ಸಿಪಾಯಿಗಳು. ತಮ್ಮ ದೇಶವೇ ಪರರ ಕೈಯಲ್ಲಿದ್ದವರು ಇನ್ನೊಂದು ಪರಾಧೀನ ದೇಶಕ್ಕೆ ಬಂದೂಕು ಹೊತ್ತು ಹೋಗಿದ್ದರು.

ಅಕ್ಟೋಬರ್ 25ರಂದು ಬ್ರಿಗೇಡಿಯರ್ ಮ್ಯಾಲಬಿ ನಾಯಕತ್ವದಲ್ಲಿ 49ನೇ ಭಾರತೀಯ ಬ್ರಿಗೇಡ್ ಸುರಬಾಯದಲ್ಲಿ ಇಳಿಯಿತು. ಇಂದು ಬೆಳಗಾವಿಯಲ್ಲಿ ರೆಜಿಮೆಂಟಲ್ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದ ಬೆಟಾಲಿಯನ್ ಒಂದು ಆ ಬ್ರಿಗೇಡಿನಲ್ಲಿತ್ತು. ಮೊದಲೆರಡು ದಿನ ಹೊಂದಾಣಿಕೆ ನಡೆಯಿತು. 27ರಂದು ವಿಮಾನದಿಂದ ಕರಪತ್ರಗಳು ಉದುರಿದವು: ಶಸ್ತ್ರ ಒಪ್ಪಿಸಿ, ಇಲ್ಲವೇ ಗುಂಡು. ಮಾತು ತಪ್ಪಿದರೆಂದು ಊರಿಗೆ ಊರೇ ತಿರುಗಿಬಿತ್ತು. ಚದುರಿಹೋಗಿದ್ದ ಬ್ರಿಗೇಡ್ ನಾಶವಾಗುವ ಸ್ಥಿತಿಗೆ ಬಂದಾಗ ಬ್ರಿಟಿಷರು ಸುಕಾರ್ನೊರನ್ನೇ ವಿಮಾನದಲ್ಲಿ ಕರೆತಂದು ಕದನವಿರಾಮ ಹೇಳಿಸಿದರು. ಅದು ಪೂರ್ತಿ ಜಾರಿಯಾಗುವ ಮೊದಲೇ, 30ರಂದು, ಕೆಂಪು ಸೇತುವೆಯ ಬಳಿ ಮ್ಯಾಲಬಿ ಹತರಾದರು.

ಸೇಡು ದೊಡ್ಡದಾಗಿತ್ತು. 5ನೇ ಭಾರತೀಯ ಡಿವಿಜನ್ ಬಂತು. ನವೆಂಬರ್ 10ರ ಬೆಳಿಗ್ಗೆಯಿಂದ ಕಡಲಿನಿಂದ ಫಿರಂಗಿ, ಆಕಾಶದಿಂದ ಬಾಂಬು. ಬುಂಗ್ ತೊಮೊ ಎಂಬ ತರುಣ ರೇಡಿಯೊದಲ್ಲಿ ಜನರನ್ನು ಹುರಿದುಂಬಿಸುತ್ತಿದ್ದ. ಬೀದಿ ಬೀದಿಯಲ್ಲಿ ಕಾದು ಊರನ್ನು ಹಿಡಿಯಲು ಮೂರು ವಾರ ಬೇಕಾಯಿತು. ಕನಿಷ್ಠ ಆರು ಸಾವಿರ ಇಂಡೊನೇಷ್ಯನ್ನರು ಸತ್ತರೆಂಬ ಅಂದಾಜಿದೆ.

ಸುರಬಾಯ ಕೈತಪ್ಪಿತು. ಆದರೆ ಇದು ಜಪಾನಿಯರು ಹುಟ್ಟುಹಾಕಿದ ನಾಲ್ಕು ಜನರ ಗದ್ದಲ ಎಂಬ ಡಚ್ಚರ ಪ್ರಚಾರ ಅಲ್ಲಿಗೆ ಮುಗಿಯಿತು. ಡಚ್ಚರಿಗಾಗಿ ಇಂಥ ಯುದ್ಧ ಮಾಡುವುದು ತಮ್ಮ ಕೆಲಸವಲ್ಲ ಎಂದು ಬ್ರಿಟಿಷರಿಗೆ ಮನವರಿಕೆಯಾಯಿತು. ಸಂಧಾನಕ್ಕೆ ಕೂರಿ ಎಂದು ಅವರು ಡಚ್ಚರ ಮೇಲೆ ಒತ್ತಡ ಹಾಕತೊಡಗಿದರು. ಭಾರತೀಯ ಸೈನಿಕರನ್ನು ಬಳಸಿದ್ದನ್ನು ನೆಹರೂ ಖಂಡಿಸಿದರು. ನೂರಾರು ಭಾರತೀಯ ಸಿಪಾಯಿಗಳು ಪಾಳೆಯ ಬಿಟ್ಟು ಗಣರಾಜ್ಯದ ಕಡೆ ಸೇರಿಕೊಂಡರು. ನವೆಂಬರ್ 10 ಇಂದಿಗೂ ಇಂಡೊನೇಷ್ಯಾದ ವೀರರ ದಿನ.

ಈ ತಿಂಗಳುಗಳಿಗೆ ಕರಾಳ ಮುಖವೂ ಇದೆ. ಡಚ್ಚರು, ಮಿಶ್ರ ಸಂತತಿಯವರು, ಚೀನೀ ಮೂಲದವರು ಎಂಬ ಕಾರಣಕ್ಕೇ ಸಾವಿರಾರು ನಾಗರಿಕರನ್ನು ಉದ್ರಿಕ್ತ ಗುಂಪುಗಳು ಕೊಂದವು.

ಒಂದು ಕೈಲಿ ಬಂದೂಕು, ಇನ್ನೊಂದರಲ್ಲಿ ಅಕ್ಕಿ

ನವೆಂಬರ್‌ನಲ್ಲೇ ಎರಡು ಮುಖ್ಯ ಸಂಗತಿಗಳಾದವು. ಸೇನೆಯ ಅಧಿಕಾರಿಗಳು ಸೇರಿ 29 ವರ್ಷದ ಮಾಜಿ ಶಾಲಾ ಮೇಷ್ಟ್ರು ಸುದಿರ್ಮನ್‌ರನ್ನು ಮಹಾದಂಡನಾಯಕನಾಗಿ ಆರಿಸಿದರು. ಮೃದುಮಾತಿನ ಸಮಾಜವಾದಿ ಶಹ್ರಿರ್ ಪ್ರಧಾನಿಯಾದರು. ಒಬ್ಬರಿಗೆ ಹೋರಾಟದಲ್ಲಿ ನಂಬಿಕೆ, ಇನ್ನೊಬ್ಬರಿಗೆ ಮಾತುಕತೆಯಲ್ಲಿ. ಇಬ್ಬರ ದಾರಿಗಳ ನಡುವಿನ ಜಗಳ ಕೊನೆಯವರೆಗೂ ನಿಲ್ಲಲಿಲ್ಲ.

ಡಿಸೆಂಬರ್‌ನಲ್ಲಿ ಅಂಬರಾವ ಎಂಬಲ್ಲಿ ಸುದಿರ್ಮನ್ ಪಡೆ ಬ್ರಿಟಿಷ್ ಸೇನೆಯನ್ನು ಹಿಂದಕ್ಕೆ ತಳ್ಳಿತು. 1946ರ ಜನವರಿಯಲ್ಲಿ ರಾಜಧಾನಿ ಯೋಗ್ಯಕರ್ತಕ್ಕೆ ಸ್ಥಳಾಂತರವಾಯಿತು. ಅಲ್ಲಿನ ಸುಲ್ತಾನ ಒಂಬತ್ತನೆಯ ಹಮೆಂಗ್ಕುಬುವನ ಗಣರಾಜ್ಯದ ಬೆನ್ನಿಗೆ ನಿಂತಿದ್ದರು. ಮಾರ್ಚ್‌ನಲ್ಲಿ ಬಾಂಡುಂಗ್ ನಗರದ ದಕ್ಷಿಣ ಭಾಗ ತೆರವು ಮಾಡಿ ಎಂಬ ಆಜ್ಞೆ ಬಂದಾಗ ಜನ ತಮ್ಮ ಮನೆಗಳಿಗೆ ತಾವೇ ಬೆಂಕಿಯಿಟ್ಟು ಗುಡ್ಡ ಹತ್ತಿದರು.

ಅದೇ ವರ್ಷ ಭಾರತದಲ್ಲಿ ಆಹಾರದ ಅಭಾವ. ಶಹ್ರಿರ್ ಐದು ಲಕ್ಷ ಟನ್ ಅಕ್ಕಿ ಕೊಡುತ್ತೇವೆ, ಬದಲಿಗೆ ಬಟ್ಟೆ, ಉಪಕರಣ ಕೊಡಿ ಎಂದರು. ಡಚ್ಚರು ಕಡಲನ್ನು ದಿಗ್ಬಂಧಿಸಿದ್ದಾಗ ಹೀಗೆ ಒಪ್ಪಂದ ಮಾಡಿಕೊಳ್ಳುವುದೆಂದರೆ ನಾವೊಂದು ದೇಶ ಎಂದು ಸಾರಿದಂತೆ. ಅತ್ತ ಆಸ್ಟ್ರೇಲಿಯಾದ ಬಂದರು ಕಾರ್ಮಿಕರು ಡಚ್ ಹಡಗುಗಳಿಗೆ ಸರಕು ತುಂಬಲು ನಿರಾಕರಿಸಿದರು. ಭಾರತೀಯ ನಾವಿಕರೂ ಆ ಮುಷ್ಕರಕ್ಕೆ ಸೇರಿದರು.

ಬ್ರಿಟಿಷರು ಹೊರಡುವ ಮುನ್ನ, 1946ರ ನವೆಂಬರ್‌ನಲ್ಲಿ ಲಿಂಗರ್ಜತಿ ಎಂಬ ಬೆಟ್ಟದೂರಿನಲ್ಲಿ ಒಪ್ಪಂದ ಕುದುರಿತು. ಜಾವಾ, ಮದುರಾ, ಸುಮಾತ್ರಾಗಳಲ್ಲಿ ಗಣರಾಜ್ಯದ ಆಡಳಿತವನ್ನು ಡಚ್ಚರು ಒಪ್ಪಿದರು. ಉಳಿದ ದ್ವೀಪಗಳೂ ಸೇರಿ ಒಕ್ಕೂಟವಾಗಿ, ಅದಕ್ಕೂ ಡಚ್ ರಾಣಿಗೂ ನಂಟು ಇರಬೇಕೆಂಬುದು ಷರತ್ತು. ಎರಡೂ ಕಡೆ ಇದನ್ನು ಇಷ್ಟಪಟ್ಟವರು ಕಡಿಮೆ.

ಮೊದಲ ದಾಳಿ, ಮೊದಲ ತಿರುವು

1947ರ ಜುಲೈ 21ರಂದು ಡಚ್ಚರು ಒಪ್ಪಂದ ಮುರಿದು ದಾಳಿಯಿಟ್ಟರು. ಲೋಕದ ಕಣ್ಣಿಗೆ ಅದನ್ನು 'ಪೊಲೀಸ್ ಕ್ರಮ' ಎಂದು ಕರೆದರು. ನಿಜವಾದ ಗುರಿ ಜಾವಾ ಮತ್ತು ಸುಮಾತ್ರಾದ ತೋಟಗಳು, ತೈಲ ನೆಲೆಗಳು. ಎರಡು ವಾರದಲ್ಲಿ ಬಯಸಿದ್ದೆಲ್ಲ ಕೈಸೇರಿತು.

ಆದರೆ ಜುಲೈ 30ರಂದು ಭಾರತ ಮತ್ತು ಆಸ್ಟ್ರೇಲಿಯಾ ವಿಷಯವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಒಯ್ದವು. ಕದನ ನಿಲ್ಲಿಸಿ ಎಂದು ಆಗಸ್ಟ್ 1ರಂದು ಮಂಡಳಿ ಕರೆ ಕೊಟ್ಟಿತು. ಮನೆಯೊಳಗಿನ ವಿಚಾರ ಎಂದು ಡಚ್ಚರು ಹೇಳುತ್ತಿದ್ದುದು ಅಂತರರಾಷ್ಟ್ರೀಯ ವ್ಯಾಜ್ಯವಾಯಿತು. ಗಣರಾಜ್ಯದ ಪರ ವಾದಿಸಲು ಶಹ್ರಿರ್‌ರನ್ನು ಡಚ್ ಕಾವಲು ತಪ್ಪಿಸಿ ಹೊರತಂದವರು ಒಡಿಶಾದ ವಿಮಾನ ಚಾಲಕ, ಮುಂದೆ ಮುಖ್ಯಮಂತ್ರಿಯಾದ ಬಿಜು ಪಟ್ನಾಯಕ್. ಡಕೋಟಾ ವಿಮಾನ ಹಾರಿಸಿಕೊಂಡು ಜಾವಾಕ್ಕೆ ಹೋಗಿ ಅವರನ್ನು ದೆಹಲಿಗೆ ಕರೆತಂದರು. ಭಾರತ ಸ್ವತಂತ್ರವಾಗುವ ಹಿಂದಿನ ದಿನ, ಆಗಸ್ಟ್ 14ರಂದು, ಶಹ್ರಿರ್ ಭದ್ರತಾ ಮಂಡಳಿಯಲ್ಲಿ ಮಾತನಾಡಿದರು. ಈ ನಂಟಿಗೆ ಬೆಲೆಯೂ ತೆರಬೇಕಾಯಿತು. ಜುಲೈ 29ರಂದು ಸಿಂಗಪುರದಿಂದ ಔಷಧಿ ಹೊತ್ತು ಬರುತ್ತಿದ್ದ, ಭಾರತದಲ್ಲಿ ನೋಂದಣಿಯಾಗಿದ್ದ ಡಕೋಟಾವನ್ನು ಡಚ್ ವಿಮಾನಗಳು ಯೋಗ್ಯಕರ್ತದ ಬಳಿ ಹೊಡೆದುರುಳಿಸಿದವು.

ಹಡಗಿನ ಮೇಲಿನ ಒಪ್ಪಂದ, ಮನೆಯೊಳಗಿನ ಬಿರುಕು

1948ರ ಜನವರಿ 17ರಂದು ಅಮೆರಿಕದ ರೆನ್‌ವಿಲ್ ಎಂಬ ಹಡಗಿನ ಮೇಲೆ ಇನ್ನೊಂದು ಒಪ್ಪಂದವಾಯಿತು. ಗಣರಾಜ್ಯದ ಪಾಲಿಗೆ ಕಹಿ ಗುಳಿಗೆ. ಡಚ್ಚರು ಹಿಡಿದಿದ್ದ ನೆಲ ಅವರಲ್ಲೇ ಉಳಿಯಿತು, ಪಶ್ಚಿಮ ಜಾವಾದಲ್ಲಿದ್ದ ಸಾವಿರಾರು ಸೈನಿಕರು ಊರು ಬಿಟ್ಟು ಯೋಗ್ಯಕರ್ತದತ್ತ ನಡೆಯಬೇಕಾಯಿತು. ಸಿಟ್ಟಿಗೆ ಸರ್ಕಾರವೇ ಬಿತ್ತು. ಹಟ್ಟಾ ಪ್ರಧಾನಿಯಾದರು.

ಸೆಪ್ಟೆಂಬರ್‌ನಲ್ಲಿ ಮದಿಯುನ್ ನಗರದಲ್ಲಿ ಕಮ್ಯುನಿಸ್ಟರು ಗಣರಾಜ್ಯದ ವಿರುದ್ಧವೇ ದಂಗೆಯೆದ್ದರು. ಸುಕಾರ್ನೊ ಮತ್ತು ಹಟ್ಟಾ ಸೇನೆ ಕಳಿಸಿ ಅದನ್ನು ಅಡಗಿಸಿದರು. ಸಾವಿರಾರು ಜನ ಸತ್ತ ಈ ಅಂತಃಕಲಹಕ್ಕೆ ಅನಿರೀಕ್ಷಿತ ಫಲ ಸಿಕ್ಕಿತು. ಶೀತಲ ಸಮರದ ಕನ್ನಡಕದಲ್ಲೇ ಜಗತ್ತನ್ನು ನೋಡುತ್ತಿದ್ದ ಅಮೆರಿಕ, ಕಮ್ಯುನಿಸ್ಟರನ್ನು ತಾವಾಗಿ ಬಗ್ಗುಬಡಿದ ಈ ರಾಷ್ಟ್ರವಾದಿಗಳತ್ತ ಒಲಿಯತೊಡಗಿತು.

ರಾಜಧಾನಿ ಹೋಯಿತು, ಗಣರಾಜ್ಯ ಉಳಿಯಿತು

1948ರ ಡಿಸೆಂಬರ್ 19ರಂದು ಡಚ್ ಪ್ಯಾರಾಟ್ರೂಪರ್‌ಗಳು ಯೋಗ್ಯಕರ್ತದ ವಿಮಾನ ನಿಲ್ದಾಣದ ಮೇಲಿಳಿದರು. ಸಂಜೆಯೊಳಗೆ ಊರು ಅವರದಾಯಿತು. ಸುಕಾರ್ನೊ, ಹಟ್ಟಾ, ಶಹ್ರಿರ್ ಸೆರೆಯಾದರು. ಕಾಡಿಗೆ ಹೋಗಿ ಹೋರಾಡುವ ಬದಲು ಊರಲ್ಲೇ ಉಳಿಯಲು ಮಂತ್ರಿಮಂಡಲ ತೀರ್ಮಾನಿಸಿತ್ತು. ಸೇನೆ ಇದನ್ನು ಬಹುಕಾಲ ಕ್ಷಮಿಸಲಿಲ್ಲ. ಆದರೆ ಸೆರೆಯಲ್ಲಿರುವ ಅಧ್ಯಕ್ಷ ವಿಶ್ವಸಂಸ್ಥೆಯಲ್ಲಿ ಹೆಚ್ಚು ತೂಗುತ್ತಾನೆ ಎಂಬ ಲೆಕ್ಕ ತಪ್ಪಾಗಲಿಲ್ಲ.

ಸುಮಾತ್ರಾದ ಬುಕಿಟಿಂಗಿಯಲ್ಲಿ ಶಫ್ರುದ್ದೀನ್ ಪ್ರವಿರನಗರ ತುರ್ತು ಸರ್ಕಾರ ರಚಿಸಿದರು. ಕ್ಷಯದಿಂದ ಒಂದು ಶ್ವಾಸಕೋಶ ಕಳೆದುಕೊಂಡಿದ್ದ ಸುದಿರ್ಮನ್ ಹಾಸಿಗೆಯಿಂದೆದ್ದು ಕಾಡು ಸೇರಿದರು. ನಡೆಯಲಾಗದಾಗ ಸೈನಿಕರು ಅವರನ್ನು ಡೋಲಿಯಲ್ಲಿ ಹೊತ್ತರು. ಸುಮಾರು ಏಳು ತಿಂಗಳು ಹೀಗೇ ಗೆರಿಲ್ಲಾ ಯುದ್ಧ ನಡೆಯಿತು. ಒಂದು ಲಕ್ಷಕ್ಕೂ ಹೆಚ್ಚು ಡಚ್ ಸೈನಿಕರು ಪೇಟೆಗಳನ್ನು, ಹೆದ್ದಾರಿಗಳನ್ನು ಕಾಯುತ್ತಿದ್ದರೆ ಹಳ್ಳಿಗಳು ಅವರ ಕೈಗೆ ಸಿಗಲೇ ಇಲ್ಲ.

ದೆಹಲಿಯಲ್ಲಿ ನೆಹರೂ ಡಚ್ ವಿಮಾನಗಳಿಗೆ ಭಾರತದ ಆಕಾಶ ಮುಚ್ಚಿದರು. 1949ರ ಜನವರಿಯಲ್ಲಿ ಏಷ್ಯಾ ಮತ್ತು ಸುತ್ತಲಿನ ದೇಶಗಳ ಸಮ್ಮೇಳನ ಕರೆದರು. ಅದರ ಬೆನ್ನಲ್ಲೇ, ಜನವರಿ 28ರಂದು ಭದ್ರತಾ ಮಂಡಳಿ ನಾಯಕರನ್ನು ಬಿಡಿ, 1950ರ ಜುಲೈ 1ರೊಳಗೆ ಸಾರ್ವಭೌಮತ್ವ ವರ್ಗಾಯಿಸಿ ಎಂದು ದಿನಾಂಕ ಸಮೇತ ಹೇಳಿತು. ಯುದ್ಧದಿಂದ ಜರ್ಜರಿತವಾಗಿದ್ದ ಹಾಲೆಂಡ್ ಅಮೆರಿಕದ ಮಾರ್ಷಲ್ ನೆರವಿನ ಮೇಲೆ ನಿಂತಿತ್ತು. ಅಮೆರಿಕ ಮೊದಲು ಇಂಡೊನೇಷ್ಯಾ ಬಾಬತ್ತಿನ ನೆರವು ತಡೆಯಿತು. ಹಾಲೆಂಡಿನ ಪಾಲಿನ ನೆರವೂ ನಿಂತೀತೆಂಬ ಮಾತು ಎದ್ದಾಗ ಹೇಗ್‌ನ ಡಚ್ ಸರ್ಕಾರದ ದನಿ ಬದಲಾಯಿತು.

ಆರು ಗಂಟೆಯ ಗೆಲುವು

ಗಣರಾಜ್ಯದ ಸೇನೆ ಸತ್ತುಹೋಗಿದೆ ಎಂದು ಡಚ್ಚರು ಹೇಳಿಕೊಳ್ಳುತ್ತಿದ್ದರು. 1949ರ ಮಾರ್ಚ್ 1ರ ಬೆಳಿಗ್ಗೆ ಗೆರಿಲ್ಲಾಗಳು ಯೋಗ್ಯಕರ್ತಕ್ಕೆ ನುಗ್ಗಿ ಆರು ಗಂಟೆ ಕಾಲ ಊರನ್ನು ಹಿಡಿದಿಟ್ಟರು. ಮುಂದಾಳು ಲೆಫ್ಟಿನೆಂಟ್ ಕರ್ನಲ್ ಸುಹಾರ್ತೊ, ಮುಂದೆ ಮೂರು ದಶಕ ದೇಶ ಆಳಿದ ಅದೇ ಸುಹಾರ್ತೊ. ಯೋಜನೆ ಯಾರದ್ದೆಂಬ ಬಗ್ಗೆ ಆ ದೇಶದಲ್ಲಿ ಇನ್ನೂ ವಾದವಿದೆ, ಸುಲ್ತಾನರದೆಂದು ಹೇಳುವವರು ಬಹಳ. ಮಧ್ಯಾಹ್ನಕ್ಕೆ ಗೆರಿಲ್ಲಾಗಳು ಹಿಂದೆ ಸರಿದರು. ಸೈನಿಕವಾಗಿ ಅದರಿಂದ ಏನೂ ದಕ್ಕಲಿಲ್ಲ. ಆದರೆ ಗಣರಾಜ್ಯ ಬದುಕಿದೆ ಎಂಬ ಸುದ್ದಿ ರೇಡಿಯೊ ಮೂಲಕ ಹೊರಜಗತ್ತನ್ನು ಮುಟ್ಟಿತು.

ಮೇ 7ರಂದು ಡಚ್ಚರು ನಾಯಕರನ್ನು ಬಿಡಲು ಒಪ್ಪಿದರು. ಜುಲೈ 6ರಂದು ಸುಕಾರ್ನೊ ಯೋಗ್ಯಕರ್ತಕ್ಕೆ ಮರಳಿದರು.

ಹೇಗ್‌ನ ಲೆಕ್ಕ

1949ರ ಆಗಸ್ಟ್ 23ರಿಂದ ನವೆಂಬರ್ 2ರವರೆಗೆ ಹೇಗ್‌ನಲ್ಲಿ ದುಂಡುಮೇಜಿನ ಸಭೆ. ಅಲ್ಲಿ ಸಿಕ್ಕ ಸ್ವಾತಂತ್ರ್ಯ ಅಗ್ಗದ್ದಲ್ಲ. ವಸಾಹತು ಸರ್ಕಾರದ ಸುಮಾರು 430 ಕೋಟಿ ಗಿಲ್ಡರ್ ಸಾಲವನ್ನು ಹೊಸ ದೇಶ ಹೊರಬೇಕಾಯಿತು. ತಮ್ಮನ್ನೇ ಹತ್ತಿಕ್ಕಲು ಮಾಡಿದ ಖರ್ಚಿನ ಪಾಲೂ ಅದರಲ್ಲಿತ್ತೆಂಬ ಆಕ್ರೋಶ ಜಕಾರ್ತಾದಲ್ಲಿ ಬಹುಕಾಲ ಉಳಿಯಿತು. ಪಶ್ಚಿಮ ನ್ಯೂಗಿನಿಯ ಪ್ರಶ್ನೆಯನ್ನು ಮುಂದೂಡಲಾಯಿತು.

ಡಿಸೆಂಬರ್ 27ರಂದು ಆಮ್‌ಸ್ಟರ್‌ಡ್ಯಾಮಿನ ಅರಮನೆಯಲ್ಲಿ ರಾಣಿ ಜೂಲಿಯಾನಾ ಅಧಿಕಾರ ಹಸ್ತಾಂತರಕ್ಕೆ ಸಹಿ ಹಾಕಿದರು. ಡಚ್ಚರು ಕಟ್ಟಿಕೊಟ್ಟ ಒಕ್ಕೂಟ ಎಂಟು ತಿಂಗಳೂ ಬಾಳಲಿಲ್ಲ. 1950ರ ಆಗಸ್ಟ್ 17ಕ್ಕೆ ಅದು ಕರಗಿ ಒಂದೇ ಗಣರಾಜ್ಯವಾಯಿತು. 1956ರಲ್ಲಿ ಇಂಡೊನೇಷ್ಯಾ ಉಳಿದ ಸಾಲ ತೀರಿಸುವುದಿಲ್ಲ ಎಂದಿತು. ಪಶ್ಚಿಮ ನ್ಯೂಗಿನಿ 1963ರಲ್ಲಿ ಅದರ ಆಡಳಿತಕ್ಕೆ ಬಂತು. ಅಲ್ಲಿನ ಪಪುವಾ ಜನರ ಅಸಮಾಧಾನ ಇಂದಿಗೂ ಆರಿಲ್ಲ. ಹಸ್ತಾಂತರದ ನಂತರದ್ದನ್ನೆಲ್ಲ ಸುದಿರ್ಮನ್ ಮಾತ್ರ ನೋಡಲಿಲ್ಲ. ಸುಕಾರ್ನೊ ದೆಹಲಿಗೆ ಅತಿಥಿಯಾಗಿ ಬಂದ ಮೂರೇ ದಿನಕ್ಕೆ, 1950ರ ಜನವರಿ 29ರಂದು, 34ರ ವಯಸ್ಸಿನಲ್ಲಿ ತೀರಿಕೊಂಡರು.

ಯಾರು ಗೆದ್ದುಕೊಟ್ಟದ್ದು?

ಬಂದೂಕು ಗೆದ್ದಿತೋ, ಮಾತು ಗೆದ್ದಿತೋ ಎಂಬ ವಾದ ಇಂಡೊನೇಷ್ಯಾದಲ್ಲಿ ದಶಕಗಳಿಂದ ನಡೆದಿದೆ. ಸುಹಾರ್ತೊ ಕಾಲದ ಪಠ್ಯಪುಸ್ತಕಗಳು ಸೇನೆಯನ್ನು ಎತ್ತಿ ಹಿಡಿದವು. ಘಟನೆಗಳ ಸರಣಿ ಬೇರೆಯದನ್ನೇ ಹೇಳುತ್ತದೆ. ಸುರಬಾಯದ ಸೋಲು ಸಂಧಾನಕ್ಕೆ ದಾರಿ ತೆರೆಯಿತು. 1947ರ ದಾಳಿ ವಿಷಯವನ್ನು ಭದ್ರತಾ ಮಂಡಳಿಗೆ ತಂದಿತು. ರಾಜಧಾನಿಯ ಪತನ ಡಚ್ಚರನ್ನು ಒಂಟಿಯಾಗಿಸಿತು. ಹಳ್ಳಿಗಳಲ್ಲಿ ಕಾದಾಡುವವರು ಇಲ್ಲದಿದ್ದರೆ ನ್ಯೂಯಾರ್ಕಿನಲ್ಲಿ ವಾದಿಸಲು ವಿಷಯವೇ ಇರುತ್ತಿರಲಿಲ್ಲ. ವಾದಿಸುವವರು ಇಲ್ಲದಿದ್ದರೆ ಹಳ್ಳಿಗಳ ಸಾವು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಆ ನಾಲ್ಕು ವರ್ಷಗಳ ಸತ್ಯವನ್ನು ಒಪ್ಪಲು ಡಚ್ಚರು ತೆಗೆದುಕೊಂಡ ಕಾಲ ದೀರ್ಘ. 1947ರ ಡಿಸೆಂಬರ್ 9ರಂದು ಪಶ್ಚಿಮ ಜಾವಾದ ರವಗೆಡೆ ಹಳ್ಳಿಯಲ್ಲಿ ನಡೆದ ನರಮೇಧಕ್ಕೆ ಡಚ್ ಸರ್ಕಾರವೇ ಹೊಣೆ ಎಂದು ಹೇಗ್ ನ್ಯಾಯಾಲಯ ತೀರ್ಪಿತ್ತದ್ದು 2011ರಲ್ಲಿ. ತಮ್ಮ ಸೇನೆ ಆ ಯುದ್ಧದಲ್ಲಿ ಮಿತಿಮೀರಿದ ಹಿಂಸೆಯನ್ನು ವ್ಯಾಪಕವಾಗಿ ಬಳಸಿತ್ತೆಂದು ಸಂಶೋಧಕರು ಹೇಳಿದ ಮೇಲೆ ಪ್ರಧಾನಿ ಮಾರ್ಕ್ ರುಟ್ಟೆ ಕ್ಷಮೆ ಕೇಳಿದ್ದು 2022ರಲ್ಲಿ. ಇಂಡೊನೇಷ್ಯಾ ಸ್ವತಂತ್ರವಾದದ್ದು 1949ರ ಡಿಸೆಂಬರ್ 27ರಂದಲ್ಲ, 1945ರ ಆಗಸ್ಟ್ 17ರಂದೇ ಎಂದು ಅವರು ಸಂಸತ್ತಿನಲ್ಲಿ ಸಂಪೂರ್ಣವಾಗಿ ಒಪ್ಪಿಕೊಂಡದ್ದು 2023ರ ಜೂನ್‌ನಲ್ಲಿ. ಘೋಷಣೆ ಓದಿ ಆಗ 77 ವರ್ಷ ಕಳೆದಿತ್ತು.